ವಿಳಾಸವಷ್ಟೇ ಕೇಳುತ್ತಿದ್ದವಳು

ಇಪ್ಪತ್ತೊಂಬತ್ತು ವರ್ಷ ನಾನು ಕೌಂಟಿಯ ತುರ್ತು ಫೋನಿನ ಮುಂದೆ ಕೂತವಳು. ಮನೆಗೆ ಬೆಂಕಿ ಬಿದ್ದವರು, ಹೊಲದ ಯಂತ್ರಕ್ಕೆ ಕೈ ಕೊಟ್ಟವರು, ಎದೆ ಹಿಡಿದುಕೊಂಡು ಕುಸಿದ ಗಂಡನನ್ನು ಕಂಡು ಮಾತೇ ಮರೆತವರು, ಎಲ್ಲರೂ ಮೊದಲು ನನ್ನ ಕಿವಿಗೇ ಬೀಳುತ್ತಿದ್ದರು. ಹಾಗಾಗಿ ನಮ್ಮ ಕಡೆಯವರಿಗೆಲ್ಲ ಒಂದು ಭ್ರಮೆ, ವರ್ಡಾಳಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ ಎಂದು. ನಿಜ ಹೇಳುತ್ತೇನೆ, ನಾನು ಕೇಳುತ್ತಿದ್ದದ್ದು ವಿಳಾಸವನ್ನು ಮಾತ್ರ. ವಿಳಾಸ ಸಿಕ್ಕಿತೋ, ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಆ ಕೆಲಸಕ್ಕೆ ಅದೇ ಸರಿ, ಎಷ್ಟೋ ಜೀವ ಉಳಿದದ್ದು ಹಾಗೆಯೇ. ಆದರೆ ನಿವೃತ್ತಳಾಗಿ ಐದು ವರ್ಷವಾದರೂ ಆ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಎದುರಿಗಿದ್ದವರು ಬಾಯಿ ತೆರೆಯುವಷ್ಟರಲ್ಲಿ ಅವರ ಮಾತಿನ ಬಾಲ ನನ್ನ ಕೈಯಲ್ಲಿರುತ್ತಿತ್ತು.

ಹಾಗೆ ಅತಿ ಹೆಚ್ಚು ಬಾಲ ಕಳೆದುಕೊಂಡವನು ನನ್ನ ತಮ್ಮ ಲಿಂಡ್ಲಿ. ನನಗಿಂತ ಮೂರು ವರ್ಷ ಚಿಕ್ಕವನು, ಈಗ ಅರವತ್ಮೂರು. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವನ ಎರಡು ಮಾತಿನ ನಡುವೆ ಒಂದು ಟ್ರ್ಯಾಕ್ಟರ್ ತಿರುಗಿಸಿಕೊಂಡು ಬರುವಷ್ಟು ಜಾಗ ಇರುತ್ತದೆ. ಆ ಜಾಗ ಖಾಲಿ ಬಿದ್ದಿರುವುದನ್ನು ನೋಡಿ ಸಹಿಸಲು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಅಮ್ಮ ಅವನನ್ನು ಏನಾದರೂ ಕೇಳಿದರೆ ಉತ್ತರ ನನ್ನಿಂದ ಬರುತ್ತಿತ್ತು. ಈಗಲೂ ಅವನಿಗೆ ಬರುವ ಫೋನು ತೆಗೆಯುವವಳು ನಾನು, ಕೆಲಸದ ದಿನ ಗೊತ್ತು ಮಾಡುವವಳು ನಾನು, ಅವನಿಗೆ ಸಾಕೋ ಬೇಕೋ ಎಂದು ತೀರ್ಮಾನಿಸುವವಳೂ ನಾನೇ.

ಅವನ ಕೆಲಸ ಪಿಯಾನೊ ಶ್ರುತಿ ಮಾಡುವುದು. ಇದು ನಮ್ಮವರಲ್ಲಿ ನಗೆಯ ಮಾತು. ನಾವು ಗೆಳೆಯರ ಸಭೆ ಎಂಬ ಕ್ರೈಸ್ತ ಪಂಥದವರು, ಹೊರಗಿನವರು ಕ್ವೇಕರರು ಎನ್ನುತ್ತಾರೆ. ನಮ್ಮ ಸಭಾಮನೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ, ಪಿಯಾನೊ ಇಲ್ಲವೇ ಇಲ್ಲ. ಭಾನುವಾರ ಒಂದು ಗಂಟೆ ದೇವರ ಮುಂದೆ ಸುಮ್ಮನೆ ಕೂರುತ್ತೇವೆ. ಒಳಗಿನಿಂದ ಒತ್ತಿ ಬಂದರೆ ಯಾರಾದರೂ ಎದ್ದು ನಾಲ್ಕು ಮಾತಾಡುತ್ತಾರೆ, ಮತ್ತೆ ಮೌನ. ಅಂಥ ಕಡೆ ಹುಟ್ಟಿದವನು ಸುತ್ತಲಿನ ಲೂಥರನ್, ಮೆಥಡಿಸ್ಟ್ ಚರ್ಚುಗಳ, ಶಾಲೆಗಳ ಪಿಯಾನೊ ಸರಿಮಾಡಿಕೊಂಡು ಮೂವತ್ತೆಂಟು ವರ್ಷ ಬದುಕಿದ. ಅಯೋವಾದ ಈ ಮೂಲೆಯಲ್ಲಿ ಅವನ ಕೈ ಮುಟ್ಟದ ಪಿಯಾನೊ ಹುಡುಕಿದರೂ ಸಿಗುವುದಿಲ್ಲ.

ಸಭೆಯಲ್ಲಿ ಅವನಿಗೆ ದೊಡ್ಡ ಹೆಸರು. ಎರಡು ವರ್ಷದ ಹಿಂದೆ, ಒಲೆಯ ಪಕ್ಕದ ಹಿಂದಿನ ಬೆಂಚಿನಿಂದ ತಾನಾಗಿಯೇ ಎದ್ದು ಹೋಗಿ ಎದುರು ಬೆಂಚಿನಲ್ಲಿ, ಎಲ್ಲರಿಗೂ ಮುಖ ಮಾಡಿ ಕೂತ. ಅಲ್ಲಿ ಹಿರಿಯರು ಕೂರುತ್ತಾರೆ, ಒಳಗೆ ಪಕ್ವವಾದವರು. ಎಲ್ಲರೂ ತಲೆದೂಗಿದರು. ಯಾರು ಎದ್ದು ಮಾತಾಡಿದರೂ ಅವರ ಮುಖದಿಂದ ಕಣ್ಣು ಕೀಳದೆ ಕೂರುತ್ತಿದ್ದ, ಮುಗಿದ ಮೇಲೆ ಒಂದಕ್ಷರ ಆಡುತ್ತಿರಲಿಲ್ಲ. ಎಂಥ ಆಳದ ಮನುಷ್ಯ ಎಂದರು ಜನ. ನನಗೂ ಹೆಮ್ಮೆಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಕ್ಟೋಬರಿನ ಒಂದು ಸೋಮವಾರ ಬೆಳಗ್ಗೆ ನಾನು ಪೈ ಮಾಡಲು ಸೇಬು ಹೆಚ್ಚುತ್ತಿದ್ದಾಗ ಆಲ್ಮಾ ಬಂದಳು. ಆಲ್ಮಾ ನಮ್ಮ ಸಭೆ ನಡೆಸುವವಳು. ಎಪ್ಪತ್ತನಾಲ್ಕು ವರ್ಷ, ಗುಬ್ಬಿಯಷ್ಟು ದೇಹ, ಅದಕ್ಕೆ ತಕ್ಕ ಧ್ವನಿ. ಆ ಧ್ವನಿಯಲ್ಲೇ ನಲವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಳು. ಅವಳು ಮಡಿಸಿದ ಒಂದು ಕಾಗದವನ್ನು ಮೇಜಿನ ಮೇಲಿಟ್ಟು, ಲಿಂಡ್ಲಿ ತಿಳಿಕೂಟ ಕೇಳಿದ್ದಾನೆ ಎಂದಳು.

ನಮ್ಮಲ್ಲಿ ಒಬ್ಬರ ಮನಸ್ಸು ಕದಡಿದಾಗ ಸಭೆಯ ಮೂವರನ್ನೋ ನಾಲ್ವರನ್ನೋ ಕೂರಿಸಿಕೊಂಡು ಅದು ತಿಳಿಯಾಗುವವರೆಗೆ ಕಾಯುವುದಕ್ಕೆ ತಿಳಿಕೂಟ ಎನ್ನುತ್ತೇವೆ. ಕೂತವರು ಬುದ್ಧಿ ಹೇಳುವಂತಿಲ್ಲ, ದಾರಿ ತೋರಿಸುವಂತಿಲ್ಲ, ಸಮಾಧಾನ ಕೂಡ ಹೇಳುವಂತಿಲ್ಲ. ಪ್ರಶ್ನೆ ಕೇಳಬಹುದು, ಅಷ್ಟೇ. ಅದೂ ಕೇಳುವವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿರಬೇಕು. ಉತ್ತರ ಬರುವವರೆಗೆ ಸುಮ್ಮನಿರಬೇಕು, ಬಂದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಉತ್ತರವನ್ನು ದೇವರು ಆ ಮನುಷ್ಯನೊಳಗೇ ಇಟ್ಟಿದ್ದಾನೆ, ಉಳಿದವರ ಗದ್ದಲ ತಗ್ಗಿದರೆ ಅದು ಅವನಿಗೇ ಕಾಣುತ್ತದೆ ಎಂಬ ನಂಬಿಕೆ.

ಕಾಗದದಲ್ಲಿ ಲಿಂಡ್ಲಿಯ ಕೈಬರಹದಲ್ಲಿ ಎರಡೇ ಸಾಲು ಇದ್ದವು. ನನ್ನ ಕೆಲಸವನ್ನು ಕೆಳಗಿಡಬೇಕೇ ಎಂದು ನನಗೆ ತಿಳಿಯಬೇಕಾಗಿದೆ. ಕೂಟದಲ್ಲಿ ವರ್ಡಾ ಇರಲಿ.

ಹಿಂದಿನ ತಿಂಗಳು ಅವನಿಗೊಂದು ಕೆನೆಬಣ್ಣದ ಲಕೋಟೆ ಬಂದಿತ್ತು, ಕಳಿಸಿದವರ ಹೆಸರಿರಲಿಲ್ಲ. ಅವನು ಅದನ್ನು ಓದಿ, ಉಪಕರಣದ ಚೀಲದ ತಳಕ್ಕೆ ಸೇರಿಸಿದ್ದ. ಅವನ ಶಾಲೆಯ ಗೆಳೆಯ ಕಾರ್ಲ್ ದೂರದ ಪಶ್ಚಿಮ ಕರಾವಳಿಯ ಆರೆಗನ್ನಿನಲ್ಲಿದ್ದಾನೆ. ಪ್ರತಿ ಕ್ರಿಸ್ಮಸ್ಸಿಗೂ ಕಾರ್ಡು ಕಳಿಸಿ, ಇಲ್ಲಿಗೆ ಬಂದುಬಿಡು, ಸಮುದ್ರ ನೋಡಿಕೊಂಡು ಇಬ್ಬರೂ ಇರೋಣ ಎಂದು ಬರೆಯುತ್ತಾನೆ. ನಾನು ಲೆಕ್ಕ ಹಾಕಿ ಮುಗಿಸಿದೆ. ಲಿಂಡ್ಲಿ ಕೆಲಸ ಬಿಡುತ್ತಾನೆ, ಕಾರ್ಲ್ ಹತ್ತಿರ ಹೋಗುತ್ತಾನೆ, ಈ ಮನೆಯಲ್ಲಿ ನಾನೊಬ್ಬಳೇ ಗೋಡೆಗಳ ಜೊತೆ ಮಾತಾಡಿಕೊಂಡಿರುತ್ತೇನೆ.

ಮನೆಯವರನ್ನು ಕೂಟಕ್ಕೆ ಕೂರಿಸುವ ರೂಢಿ ಇಲ್ಲ, ಆದರೆ ಲಿಂಡ್ಲಿ ಹಠ ಹಿಡಿದಿದ್ದಾನೆ ಎಂದು ಆಲ್ಮಾ ಹೇಳಿದಳು. ನಾನು ಸೇಬು ಹೆಚ್ಚುತ್ತಲೇ, ನನ್ನಿಂದೇನು ತೊಂದರೆ ಎಂದು ಕೇಳಿದೆ.

"ಮೇಕೆ ನೆನಪಿದೆಯಾ?" ಎಂದಳು ಆಲ್ಮಾ.

ನೆನಪಿತ್ತು. ಮೂರು ವರ್ಷದ ಹಿಂದೆ ಹೊಸ ದಂಪತಿಗಳು, ಹೊಳೆ ಪಕ್ಕದ ಜಾಗದಲ್ಲಿ ಮೇಕೆ ಸಾಕಿಕೊಂಡು ಬದುಕಬೇಕೇ ಎಂದು ತಿಳಿಕೂಟ ಕರೆದಿದ್ದರು. ಆ ತಗ್ಗಿನಲ್ಲಿ ಮೇಕೆ ಬದುಕಲ್ಲ ಅಂತ ಯಾರೂ ನಿಮಗೆ ಹೇಳಿಲ್ವಾ ಎಂದು ನಾನು ಪ್ರಶ್ನೆ ಕೇಳಿದ್ದೆ. ಹುಡುಗಿ ಅಳುತ್ತಾ ಎದ್ದು ಹೋಗಿದ್ದಳು.

"ಅದು ಪ್ರಶ್ನೇನೇ," ಎಂದೆ.

"ಅದು ಪ್ರಶ್ನೆ ವೇಷ ಹಾಕಿದ ಬೈಗುಳ ವರ್ಡಾ. ಈ ಸಲ ಅಂಥದ್ದೊಂದು ಬಂದ್ರೂ ಕೂಟ ಅಲ್ಲಿಗೇ ನಿಲ್ಲಿಸ್ತೀನಿ. ಲಿಂಡ್ಲಿ ಬಾಯಿ ಬಿಟ್ಟು ಕೇಳಿರೋದು ಜೀವಮಾನದಲ್ಲಿ ಇದೊಂದೇ. ನಿಂತುಹೋದ್ರೆ ಅವನು ಇನ್ನೊಂದ್ಸಲ ಕೇಳೋನಲ್ಲ, ನಿನಗೂ ಗೊತ್ತು."

ಗೊತ್ತಿತ್ತು. ಆಲ್ಮಾ ಒಂದು ಸೇಬಿನ ಹೋಳು ಬಾಯಿಗೆ ಹಾಕಿಕೊಂಡು, ಬೈಬಲಿನಲ್ಲಿ ಕುರುಡ ಎದುರಿಗೆ ಬಂದು ನಿಂತಾಗ ಕರ್ತ ಏನು ಕೇಳಿದ ಹೇಳು ಎಂದಳು. ನಾನು ನಿನಗೇನು ಮಾಡಲಿ ಎಂದು ಕೇಳಿದ ಎಂದೆ. ಭಾನುವಾರದ ಶಾಲೆಯಲ್ಲಿ ಕಲಿತದ್ದು ಎಲ್ಲಿಗೆ ಹೋಗುತ್ತದೆ.

"ಕುರುಡನಿಗೆ ಏನು ಬೇಕು ಅಂತ ಕರ್ತನಿಗೆ ಗೊತ್ತಿರ್ಲಿಲ್ವಾ? ಆದ್ರೂ ಕೇಳಿದ. ಕೇಳಿ ನಿಂತ್ಕೊಂಡ."

"ನಾನಾಗಿದ್ರೆ ಆಗ್ಲೇ ಕಣ್ಣಾಸ್ಪತ್ರೆಗೆ ಫೋನ್ ಮಾಡಿರ್ತಿದ್ದೆ," ಎಂದೆ. ಆಲ್ಮಾ ನಗಲಿಲ್ಲ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ಧ್ವನಿಯನ್ನೂ ಸ್ವಲ್ಪ ತಗ್ಗಿಸು, ನೀನು ಮಾತಾಡಿದರೆ ಮೂರು ಹೊಲದಾಚೆ ಮರ್ಲ್‌ನ ಹಂದಿಗಳು ತಲೆ ಎತ್ತುತ್ತವೆ ಎಂದು ಹೇಳಿ ಹೋದಳು.

ಕೂಟಕ್ಕೆ ಮೂರು ವಾರವಿತ್ತು. ಕಲಿತೇ ತೀರುತ್ತೇನೆ ಎಂದು ಪಣ ತೊಟ್ಟೆ. ನಾನು ಅರ್ಧಕ್ಕೆ ಬಿಡುವ ಪೈಕಿಯವಳಲ್ಲ. ಮೊದಲ ದಿನವೇ ಒಂದು ಉಪಾಯ ಹೂಡಿದೆ. ಯಾರಾದರೂ ಮಾತು ಶುರುಮಾಡಿದ ಕೂಡಲೇ ಒಂದು ಗುಟುಕು ಕಾಫಿ ಬಾಯಿಗೆ ತುಂಬಿಕೊಳ್ಳುವುದು, ಅವರು ಮುಗಿಸುವವರೆಗೆ ನುಂಗದಿರುವುದು. ಬಿಸಿ ಕಾಫಿಯಾದರೆ ಇನ್ನೂ ಒಳ್ಳೆಯದು. ಆ ವಾರ ನಾಲಿಗೆ ಎರಡು ಸಲ ಸುಟ್ಟುಕೊಂಡೆ, ಅಂಚೆ ಕಚೇರಿಯಲ್ಲಿ ಒಬ್ಬರ ಕೋಟಿನ ಮೇಲೆ ಉಗುಳಿ ಕ್ಷಮೆ ಕೇಳಿದೆ.

ಫಲ ಸಿಗಲಿಲ್ಲವೆಂದಲ್ಲ. ಮರ್ಲ್ ನಮ್ಮ ಸಭೆಯವನೇ, ಹಂದಿ ಸಾಕುವವನು, ಎದೆಯವರೆಗೆ ಗಡ್ಡ ಬಿಟ್ಟವನು. ಅವನೂ ಕೂಟದಲ್ಲಿ ಕೂರುವವನಿದ್ದ. ಒಂದು ದಿನ ಸಾಸೇಜು ಕೊಡಲು ಬಂದವನು, ಬಾವಿಗೆ ಬಿದ್ದ ಹಂದಿಯ ಕತೆಯನ್ನು ಮತ್ತೆ ತೆಗೆದ. ಹನ್ನೆರಡು ವರ್ಷದಿಂದ ಹೇಳುತ್ತಿದ್ದಾನೆ. ನಾನು ಪ್ರತಿ ಸಲ ಹಗ್ಗ ಇಳಿಬಿಡುವ ಹೊತ್ತಿಗೆ, ಆಮೇಲೆ ಹಂದಿ ಮೇಲೆ ಬಂತು, ಗೊತ್ತು ಬಿಡು ಎಂದು ಮುಗಿಸುತ್ತಿದ್ದೆ. ಈ ಸಲ ಬಾಯಿ ತುಂಬ ಕಾಫಿ. ಹಂದಿ ಮೇಲೆ ಬಂದ ಮೇಲೂ ಕತೆ ಮುಂದುವರಿಯಿತು. ಹಗ್ಗ ಎಳೆಯುತ್ತಿದ್ದ ಅವನ ಅಪ್ಪ ಅವತ್ತು ಮೊದಲ ಸಲ ಮಗನ ಬೆನ್ನು ತಟ್ಟಿದನಂತೆ, ಮರು ವಾರವೇ ತೀರಿಕೊಂಡನಂತೆ. ಕತೆ ಹಂದಿಯದ್ದಾಗಿರಲೇ ಇಲ್ಲ. ಮರ್ಲ್ ಹೋದ ಮೇಲೆ ಆ ತಣ್ಣಗಾದ ಕಾಫಿ ನುಂಗಿದೆ. ಹನ್ನೆರಡು ವರ್ಷ ನಾನು ಏನು ಮಾಡಿದ್ದೆನೆಂದು ನಾಚಿಕೆಯಾಯಿತು.

ಮನೆಯಲ್ಲಿ ಇನ್ನೂ ಬಿಗಿ ಮಾಡಿದೆ. ಮೊದಲೆಲ್ಲ ಒಲೆ ಹತ್ತಿರ ನಿಂತು, ಬೆನ್ನು ಹಾಕಿಕೊಂಡೇ ಬೆಳಗಿನಿಂದ ಸಂಜೆಯವರೆಗೆ ವರದಿ ಒಪ್ಪಿಸುತ್ತಿದ್ದವಳು. ಯಾರಿಗೆ ಕಾಲು ಮುರಿಯಿತು, ಯಾರ ಮೆಕ್ಕೆಜೋಳ ಕಟಾವಾಯಿತು, ಕೊಟ್ಟಿಗೆ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ. ಈಗ ಬಾಯಿಗೆ ಬೀಗ ಹಾಕಿದೆ. ಆಡಲೇಬೇಕಾದ ಮಾತನ್ನು ಆಲ್ಮಾಳ ಹಾಗೆ ಮೆಲ್ಲಗೆ ಆಡಿದೆ. ಜಾಗ ಖಾಲಿ ಬಿಟ್ಟರೆ ಲಿಂಡ್ಲಿ ತಾನಾಗಿ ಬಂದು ತುಂಬುತ್ತಾನೆ, ಆರೆಗನ್ ವಿಷಯ ತಾನೇ ತೆಗೆಯುತ್ತಾನೆ ಎಂದುಕೊಂಡಿದ್ದೆ.

ಅವನು ತುಂಬಲಿಲ್ಲ, ವಿಚಿತ್ರವಾಗಿ ಆಡತೊಡಗಿದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಸುಮ್ಮನಿದ್ದರೆ ಇನ್ನೊಂದು ಹೆಜ್ಜೆ ಒಳಗೆ ಬರುತ್ತಿದ್ದ. ಒಂದು ಸಲ ಚಮಚದಿಂದ ಲೋಟದ ಅಂಚಿಗೆ ತಟ್ಟಿ, ತಲೆ ಓರೆ ಮಾಡಿ, ಮತ್ತೆ ತಟ್ಟಿದ. ರೇಡಿಯೊ ಜೋರಾಗಿ ಹಾಕಿ ಅದರ ಮೇಲೆ ಕೈಯಿಟ್ಟು ನಿಂತ. ನಾನು ಮಾತಾಡುತ್ತೇನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡೆ. ನೋಡೋಣ ಯಾರು ಸೋಲುತ್ತಾರೆ ಎಂದು ನಾನೂ ಹಲ್ಲು ಕಚ್ಚಿ ಕೂತೆ.

ಮೂರನೇ ವಾರ ಒಂದು ಬೆಳಗ್ಗೆ ಓಟ್ಸ್ ಗಂಜಿ ಬಡಿಸುವಾಗ, ಇನ್ನೂ ಬೇಕಾ ಎಂದು ಹಿಂದಿನಿಂದ ಮೆಲ್ಲಗೆ ಕೇಳಿದೆ. ಉತ್ತರವಿಲ್ಲ. ಮೊದಲಾಗಿದ್ದರೆ ಅವನ ಪರವಾಗಿ ನಾನೇ ಬೇಕು ಎಂದು ಹೇಳಿ ಸುರಿದಿರುತ್ತಿದ್ದೆ. ಈಗ ಸೌಟು ಹಿಡಿದುಕೊಂಡು ಕಾದೆ. ಗಂಜಿ ಸೌಟಿನಲ್ಲೇ ಗಟ್ಟಿಯಾಯಿತು. ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತೇ ಇದ್ದ, ಆಮೇಲೆ ಎದ್ದು ತಟ್ಟೆ ತೊಳೆದು ಹೊರಟ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಪಾಡು ಪಡುತ್ತಿರುವುದು ಯಾರಿಗಾಗಿ? ಆ ದಿನ ಪ್ರಾರ್ಥನೆಗೆ ಕೂತಾಗ ದೇವರಿಗೂ ಅದನ್ನೇ ಹೇಳಿದೆ. ತಾಳ್ಮೆ ಕೊಡು ಎಂದು ಕೇಳಿದೆ. ನನ್ನ ಮಟ್ಟಿಗೆ ನ್ಯಾಯವಾದ ದೂರನ್ನೂ ಕೊಟ್ಟೆ.

ಕೂಟ ನಡೆದದ್ದು ನವೆಂಬರಿನ ಮೊದಲ ಭಾನುವಾರ, ಎಲ್ಲರೂ ಸೇರಿ ಮಾಡಿದ ಊಟ ಮುಗಿದ ಮೇಲೆ, ಸಭಾಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ. ನಾಲ್ಕು ಕುರ್ಚಿ, ಒಂದು ಸೌದೆ ಒಲೆ. ಆಲ್ಮಾ ಲಿಂಡ್ಲಿಯ ಎದುರಿಗೆ, ಮರ್ಲ್ ಎಡಕ್ಕೆ, ನಾನು ಬಲಕ್ಕೆ. ಇವತ್ತು ನನ್ನಿಂದ ಇದು ಕೆಡಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅವನು ಆರೆಗನ್ನಿಗೆ ಹೋಗಲಿ, ಚಂದ್ರಲೋಕಕ್ಕೆ ಹೋಗಲಿ, ಹೇಳಿ ಮುಗಿಸಲಿ.

ಸ್ವಲ್ಪ ಹೊತ್ತು ಮೌನದಲ್ಲಿ ಕೂತೆವು. ಆಮೇಲೆ ಆಲ್ಮಾ ತನ್ನ ಗುಬ್ಬಿಯ ಧ್ವನಿಯಲ್ಲಿ, ಕೆಲಸ ಕೆಳಗಿಡುವುದು ಎಂದುಕೊಂಡಾಗ ನಿನ್ನೊಳಗೆ ಏನಾಗುತ್ತದೆ ಎಂದು ಕೇಳಿ ಕಣ್ಣು ಮುಚ್ಚಿದಳು. ಲಿಂಡ್ಲಿ ಉತ್ತರಿಸಲಿಲ್ಲ. ಒಲೆಯಲ್ಲಿ ಒಂದು ಕೊರಡು ಉರಿದು ಕುಸಿಯಿತು. ಐದು ನಿಮಿಷ, ಹತ್ತು ನಿಮಿಷ. ಆಲ್ಮಾಳ ಮುಖದಲ್ಲಿ ಶಾಂತಿ ತುಂಬಿತ್ತು. ಅವಳಿಗೆ ಇದು ಹೊಸದಲ್ಲ, ನಮ್ಮಲ್ಲಿ ಒಂದು ಪ್ರಶ್ನೆಗೆ ಅರ್ಧ ಗಂಟೆ ಕಾದವರಿದ್ದಾರೆ. ಕೊನೆಗೆ ಮರ್ಲ್ ಗಡ್ಡದೊಳಗಿನಿಂದ, ನೀನು ಶ್ರುತಿ ಮಾಡಿದ ಮೊದಲ ಪಿಯಾನೊ ನೆನಪಿದೆಯಾ ಎಂದು ಕೇಳಿ ಅವನೂ ಭಕ್ತಿಯಿಂದ ಕಣ್ಣು ಮುಚ್ಚಿದ. ಮತ್ತೆ ಮೌನ.

ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಆಗ ನನಗೊಂದು ಸದ್ದು ಕೇಳಿಸಿತು. ಇಪ್ಪತ್ತೊಂಬತ್ತು ವರ್ಷ ಫೋನಿನಲ್ಲಿ ಕೇಳಿದ ಸದ್ದು ಅದು. ಮಾತು ಹೊರಡದೆ, ಬರೀ ಉಸಿರು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ಸದ್ದು. ಅಂಥ ಹೊತ್ತಿನಲ್ಲಿ ನಾನು ವಿಳಾಸ ಹೇಳಿ ಎಂದು ಗದರುತ್ತಿದ್ದೆ. ಕಣ್ಣು ತೆರೆದೆ. ಲಿಂಡ್ಲಿಯ ನೋಟ ಆಲ್ಮಾಳ ತುಟಿಯಿಂದ ಮರ್ಲ್‌ನ ಗಡ್ಡಕ್ಕೆ, ಗಡ್ಡದಿಂದ ಮತ್ತೆ ತುಟಿಗೆ ಓಡುತ್ತಿತ್ತು. ನನ್ನ ತಮ್ಮ ಹೆದರಿದ್ದ.

"ಆಲ್ಮಾ," ಎಂದ. ಟ್ರ್ಯಾಕ್ಟರ್ ತಿರುಗುವಷ್ಟು ಜಾಗ. "ನೀನು ಏನೋ ಕೇಳ್ದೆ. ನನಗೆ ಅದು ಕೇಳಿಸ್ಲಿಲ್ಲ."

ಆಲ್ಮಾ ಕಣ್ಣು ತೆರೆದಳು. ಲಿಂಡ್ಲಿ ಜೇಬಿನಿಂದ ಕೆನೆಬಣ್ಣದ ಲಕೋಟೆ ತೆಗೆದು ಅವಳ ಕೈಗೆ ಕೊಟ್ಟ. ಅದು ಕಾರ್ಲ್‌ನದ್ದಾಗಿರಲಿಲ್ಲ. ಲೂಥರನ್ ಚರ್ಚಿನಲ್ಲಿ ಪಿಯಾನೊ ನುಡಿಸುವ ಗುಡ್ರುನ್ ಬರೆದದ್ದು. ಆಲ್ಮಾ ಗಟ್ಟಿಯಾಗಿ ಓದಿದಳು. ಲಿಂಡ್ಲಿ, ಮೇಲಿನ ಸ್ವರಗಳು ನಿಮಗೆ ಕೇಳಿಸುತ್ತಿಲ್ಲವೇನೋ ಎಂದು ನನಗೆ ಅನುಮಾನ. ಫೋನಿನಲ್ಲಿ ಹೇಳಲು ಪ್ರಯತ್ನಿಸಿದೆ, ಆಗಲಿಲ್ಲ. ಬೇರೆ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಅದು ಆಗದಂತೆ ಮಾಡಿದವಳು ನಾನು. ಸೆಪ್ಟೆಂಬರಿನಲ್ಲಿ ಅವಳು ಫೋನು ಮಾಡಿದ್ದಳು. ಮೇಲಿನ ಸ್ವರಗಳು ಸ್ವಲ್ಪ ಎಂದಿದ್ದಳು, ಅಷ್ಟೇ. ಮೂವತ್ತೆಂಟು ವರ್ಷದ ಕೈ ಅದು, ನಿಮ್ಮ ಕಿವಿ ತೋರಿಸಿಕೊಳ್ಳಿ ಎಂದು ನಾನು ಜಾಡಿಸಿದ್ದೆ. ಪಿಯಾನೊ ವಿಷಯ ಅಲ್ಲ ವರ್ಡಾ, ಲಿಂಡ್ಲಿ ವಿಷಯ ಎಂದು ಅವಳು ಅನ್ನುತ್ತಿದ್ದಾಗಲೇ ಫೋನು ಕುಕ್ಕಿದ್ದೆ.

ಲಿಂಡ್ಲಿ ಮಾತಾಡಿದ. ಯಾರೂ ಬಾಲ ಹಿಡಿಯಲಿಲ್ಲವಾದ್ದರಿಂದ ಅವನ ಮಾತು ಪೂರ್ತಿ ಹೊರಗೆ ಬಂತು. ನಾಲ್ಕು ವರ್ಷದ ಹಿಂದೆ ಮೊದಲು ಹೋದದ್ದು ತುದಿಯ ಸ್ವರಗಳು. ಆಮೇಲೆ ಹಕ್ಕಿಗಳು, ಆಮೇಲೆ ಅಡುಗೆಮನೆಯ ಟೈಮರು, ಆಮೇಲೆ ಆಲ್ಮಾಳ ಧ್ವನಿ. ತುದಿಯ ತಂತಿಗಳನ್ನು ಶ್ರುತಿ ಮಾಡುವ ಕೀಲಿ ಹಿಡಿದ ಕೈಯ ಅಂದಾಜಿನ ಮೇಲೆ ಬಿಗಿಯುತ್ತಿದ್ದ. ಎದುರು ಬೆಂಚಿಗೆ ಹೋಗಿ ಕೂತದ್ದು ಎಲ್ಲರ ತುಟಿ ಕಾಣಲಿ ಎಂದು. ಒಳ್ಳೆಯವನೆನಿಸಿಕೊಂಡ ಮೇಲೆ ಎದ್ದು ಹಿಂದಕ್ಕೆ ಬರಲಾಗಲಿಲ್ಲವಂತೆ. ಆಲ್ಮಾ ತಲೆ ತಗ್ಗಿಸಿದಳು. ಎರಡು ವರ್ಷ ನಾವೆಲ್ಲ ಒಬ್ಬ ಕಿವುಡನ ಕಷ್ಟವನ್ನು ಪಕ್ವತೆ ಎಂದು ಹೊಗಳಿದ್ದೆವು. ಮಾತೇ ಮುಖ್ಯವಾದ ಬೇರೆ ಯಾವ ಚರ್ಚಿನಲ್ಲಾದರೂ ಒಂದು ತಿಂಗಳಲ್ಲಿ ಗೊತ್ತಾಗಿಬಿಡುತ್ತಿತ್ತು.

ಅವನು ಮಾತು ನಿಲ್ಲಿಸಿದ. ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದು ಸಾಲುಗಟ್ಟಿ ನಿಂತಿತು. ಕಿವಿಗೆ ಯಂತ್ರ ಹಾಕಿಸೋಣ, ಅಯೋವಾ ಸಿಟಿಯಲ್ಲಿ ಡಾಕ್ಟರಿದ್ದಾನೆ, ನಂಬರು ನನ್ನ ಹತ್ತಿರ ಇದೆ, ಮಂಗಳವಾರ ನಾನೇ ಕಾರು ಓಡಿಸುತ್ತೇನೆ, ಕಣ್ಣಲ್ಲಿ ನೋಡಿ ಶ್ರುತಿ ಮಾಡುವ ಯಂತ್ರವೂ ಇದೆಯಂತೆ, ಇದಕ್ಕೆಲ್ಲ ಕೆಲಸ ಬಿಡುತ್ತಾರಾ. ಎಲ್ಲ ಸರಿಯಾದ ಮಾತುಗಳೇ. ಆಲ್ಮಾ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಮೇಕೆಯಿತ್ತು. ನಾನು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ಕಾಫಿ ಇರಲಿಲ್ಲ. ಬರೀ ಎಂಜಲು ನುಂಗಿದೆ.

ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವುದು? ಹುಡುಕಿದೆ. ಮೂರು ವಾರ ತಯಾರಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಆರೆಗನ್ನಿನವು, ಎಲ್ಲದರ ಉತ್ತರವೂ ನನ್ನ ಹತ್ತಿರವೇ ಇತ್ತು. ಅವನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನು ಎಂದು ಕೇಳಿಕೊಂಡೆ. ಒಂದೇ ಮನೆಯಲ್ಲಿ ಏಳು ವರ್ಷ ಇದ್ದು ಅವನಿಗೆ ಕಿವಿ ಕೇಳಿಸುವುದಿಲ್ಲ ಎಂದೇ ಗೊತ್ತಿರಲಿಲ್ಲವಲ್ಲ. ಏನೂ ಗೊತ್ತಿರಲಿಲ್ಲ.

"ಲಿಂಡ್ಲಿ, ಈಗ ನಿನಗೆ ಏನು ಕೇಳಿಸುತ್ತೆ?" ಎಂದೆ, ಅಭ್ಯಾಸ ಮಾಡಿದ ಆ ಮೆಲುದನಿಯಲ್ಲಿ.

ಅವನು ನನ್ನ ಕಡೆ ತಿರುಗಿ, ಕ್ಷಮಿಸು ಎನ್ನುವಂತೆ ತಲೆಯಾಡಿಸಿದ.

ನಾನು ಎದ್ದು ನಿಂತೆ. ಹಂದಿಗಳು ತಲೆ ಎತ್ತುವ ನನ್ನ ಸ್ವಂತ ಧ್ವನಿಯಲ್ಲಿ ಮತ್ತೆ ಕೇಳಿದೆ. ಕಿಟಕಿಯ ಗಾಜು ಅದುರಿತು. ಲಿಂಡ್ಲಿಯ ಮುಖ ಸಡಿಲವಾಯಿತು, ಹಣೆಯ ಗೆರೆಗಳು ಬಿಚ್ಚಿಕೊಂಡವು, ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಸುಮ್ಮನಿದ್ದ. ನಾನು ಕಾದೆ. ಈ ಸಲ ಹಲ್ಲು ಕಚ್ಚಲಿಲ್ಲ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಕೆಳಗಿನ ಸ್ವರಗಳು ಕೇಳಿಸುತ್ವೆ," ಎಂದ. "ಟ್ರಕ್ಕು. ಗುಡುಗು. ಮತ್ತೆ ನೀನು. ಮನೇಲಿ ನನಗೆ ಉಳಿದಿದ್ದು ನಿನ್ನ ಧ್ವನಿ ಒಂದೇ ವರ್ಡಾ. ಒಲೆ ಹತ್ರ ನಿಂತು ಬೆಕ್ಕಿನ ಮರಿ ವಿಷಯ ಹೇಳ್ತಿದ್ಯಲ್ಲ, ಅದು. ಮೂರು ವಾರದಿಂದ ಅದೂ ನಿಂತೋಯ್ತು. ನಿನ್ನ ತುಟಿ ಸ್ವಲ್ಪ ಅಲ್ಲಾಡ್ತಿತ್ತು, ಏನೂ ಕೇಳಿಸ್ತಿರ್ಲಿಲ್ಲ. ಪೂರ್ತಿ ಹೋಯ್ತು ಅಂದ್ಕೊಂಡೆ. ದಿನಾ ಬಾಗಿಲಿಗೆ ಬಂದು ನಿಂತ್ಕೊಂಡು ನೋಡ್ತಿದ್ದೆ, ಇವತ್ತಾದ್ರೂ ಬರುತ್ತಾ ಅಂತ."

ಕ್ಷಮಿಸು ಎನ್ನುವುದಕ್ಕೂ ಕೂಟದಲ್ಲಿ ಅವಕಾಶವಿಲ್ಲ. ಕೂತುಕೊಂಡೆ. ಮೂರು ವಾರ ನಾನು ಕಲಿತದ್ದು ಬಾಯಿ ಮುಚ್ಚುವುದನ್ನು, ಅಷ್ಟನ್ನೇ. ಆ ಬಾಗಿಲಲ್ಲಿ ನಿಂತಿದ್ದ ಮುಖವನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ನನ್ನ ಮೌನದಲ್ಲೂ ನಾನೇ ತುಂಬಿದ್ದೆ. ಇದು ನನಗೆ ಹೊಳೆದಾಗ ಅಳು ಬಂತು. ಮರ್ಲ್ ತನ್ನ ಕರವಸ್ತ್ರ ಕೊಟ್ಟ. ಅದು ಹಂದಿಯ ವಾಸನೆ ಹೊಡೆಯುತ್ತಿತ್ತು.

ಮೌನ ಮತ್ತೆ ಬಂದು ಕೂತಿತು. ಅದು ಯಾರ ಗೆಲುವಿನದ್ದೂ ಸೋಲಿನದ್ದೂ ಆಗಿರಲಿಲ್ಲ. ಆ ಕೋಣೆಯಲ್ಲಿ ನಮ್ಮ ನಾಲ್ವರಿಗಿಂತ ಹೆಚ್ಚಿನವರು ಯಾರೋ ಇದ್ದರೆಂದು ನನಗನ್ನಿಸಿತು. ಎಷ್ಟು ಹೊತ್ತೋ ತಿಳಿಯದು. ಲಿಂಡ್ಲಿಯ ಉಸಿರು ಹದಕ್ಕೆ ಬಂತು.

"ಕೆಲಸ ಕೆಳಗಿಡ್ತೀನಿ," ಎಂದ. "ಈಗ ತಿಳೀತು. ಆದ್ರೆ ಗುಡ್ರುನ್ ಪಿಯಾನೊ ತಪ್ಪಾಗೇ ಬಿಟ್ಟು ಇಡಲ್ಲ. ಅವಳಿಗೆ ಕೇಳಿಸುತ್ತೆ, ನನಗೆ ಕೈ ಇದೆ. ಅವಳು ಹೇಳಿದ್ದನ್ನ ನನಗೆ ಮುಟ್ಸೋದಕ್ಕೆ ಒಂದು ಗಂಟಲು ಬೇಕು." ನನ್ನ ಕಡೆ ನೋಡಿದ. "ಅವಳು ಹೇಳಿದ್ದನ್ನ ಮಾತ್ರ."

ಡಾಕ್ಟರ ವಿಷಯವನ್ನೂ ಅವನೇ ತೆಗೆದ, ಮನೆಗೆ ನಡೆದು ಬರುವಾಗ. ಫೋನು ನೀನೇ ಮಾಡು ಎಂದ. ನಂಬರು ಇದೆ ಎಂದೆ, ಮೂರು ಹೊಲಕ್ಕೆ ಕೇಳುವ ಹಾಗೆ. ಇರುತ್ತೆ ಬಿಡು ಎಂದು ನಕ್ಕ.

ಗುರುವಾರ ಬೆಳಗ್ಗೆ ಲೂಥರನ್ ಚರ್ಚಿಗೆ ಹೋದೆವು. ಮೊದಲು ಗುಡ್ರುನ್‌ಗೆ, ಸೆಪ್ಟೆಂಬರಿನಲ್ಲಿ ನೀವು ಹೇಳಹೊರಟದ್ದನ್ನು ಈಗ ಹೇಳಿ, ನಾನು ಕೇಳುತ್ತೇನೆ ಎಂದೆ. ಅವಳ ಹಿರಿಯರು ನಾರ್ವೆ ಕಡೆಯವರು, ಮಾತು ಕಡಿಮೆ. ಈಗ ಅದು ಹಳೆಯದಾಯಿತು, ಕೆಲಸ ಶುರು ಮಾಡೋಣ ಎಂದಳು. ನನ್ನ ಪಾಲಿಗೆ ಅಷ್ಟು ಸಾಕಾಗಿತ್ತು.

ಮೇಲಿನ ಹನ್ನೆರಡು ಸ್ವರ, ಒಂದೊಂದಕ್ಕೆ ಮೂರು ತಂತಿ. ಗುಡ್ರುನ್ ಪಿಯಾನೊದ ಒಂದು ಮನೆ ಒತ್ತಿ ಕಿವಿಗೊಡುವಳು, ಮೆಲ್ಲಗೆ ಏನೋ ಹೇಳುವಳು, ನಾನು ಅದನ್ನು ಲಿಂಡ್ಲಿಗೆ ಕೂಗುವೆನು, ಅವನು ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸುವನು. ಸ್ವಲ್ಪ ಮೇಲೆ. ಸ್ವಲ್ಪ ಕೆಳಗೆ. ಹೆಚ್ಚಾಯಿತು. ತಡಿ. ಅವಳು ತಡಿ ಎಂದರೆ ನಾನೂ ತಡಿ ಎಂದು ಕೂಗಿ ತಡೆದು ನಿಂತೆ. ನನಗೆ ಸಂಗೀತದ ಗಂಧವಿಲ್ಲ, ಎಲ್ಲವೂ ಒಂದೇ ಟಿಣ್ ಎಂದು ಕೇಳಿಸುತ್ತಿತ್ತು. ಹಾಗಾಗಿ ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ, ಅದೂ ದೇವರ ದಯೆ. ಮಧ್ಯಾಹ್ನವಾಯಿತು. ಸೊಂಟ ಹಿಡಿದುಕೊಂಡಿತು, ಗಂಟಲು ಕಟ್ಟಿತು.

ಕೊಟ್ಟಕೊನೆಯ ತಂತಿ. ಲಿಂಡ್ಲಿ ತಿರುಗಿಸಿದ. ಗುಡ್ರುನ್ ಒತ್ತಿದಳು, ಕಣ್ಣು ಮುಚ್ಚಿದಳು, ಮತ್ತೆ ಒತ್ತಿದಳು, ಏನೂ ಹೇಳಲಿಲ್ಲ. ಸರಿಯಾಗಿದೆ ಎಂಬ ಮಾತು ನನ್ನ ಬಾಯಿಯೊಳಗೆ ಬಂದು ಕೂತಿತ್ತು. ಕೂಗಿಬಿಟ್ಟರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಹೊರಗೆ ಒಂದು ಟ್ರಕ್ಕು ಹೋಯಿತು. ಅದರ ಸದ್ದು ಪೂರ್ತಿ ಅಳಿಯುವವರೆಗೆ ಗುಡ್ರುನ್ ಕಾದಳು, ನಾನೂ ಕಾದೆ. ಅವಳು ಮೂರನೇ ಸಲ ಒತ್ತಿದಳು.

"ಸರಿಯಾಗಿದೆ," ಎಂದಳು.

"ಸರಿಯಾಗಿದೆ!" ಎಂದು ಕೂಗಿದೆ.

ಲಿಂಡ್ಲಿ ಕೀಲಿಯಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದ.

"ಅವಳು ಹೇಳಿದ್ದಾ, ನೀನು ಹೇಳಿದ್ದಾ?"

"ಅವಳೇ ಹೇಳಿದ್ದು," ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅರವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಾತನ್ನು ಇನ್ನೊಬ್ಬರ ಮಾತೆಂದು ನಂಬಿದ, ಕೀಲಿಯನ್ನು ಕೆಳಗಿಟ್ಟ.